ಮೂರನೇ ಪ್ಲಗ್ಗು, ಭಾಮೈದ ಮತ್ತು ನಾನು

ಕಳೆದ ಬುಧವಾರ ಗುಂಡ್ಲುಪೇಟೆಯ ಮೆಕ್ಯಾನಿಕ್ ಒಬ್ಬರ ಮುಂದೆ ಕೈಮುಗಿದು ನಿಂತು, ರಿಪೇರಿಯಾದ ನನ್ನ ಕಾರನ್ನು ಮತ್ತೆ ಮೊದಲಿನ ಹಾಗೆ ಕೆಡಿಸಿಕೊಡಿ ಎಂದು ಬೇಡಿಕೊಂಡೆ.

ನಗಬೇಡಿ. ಪೂರ್ತಿ ಕೇಳಿ.

ನನ್ನದು ಹದಿನೇಳು ವರ್ಷದ ಹಳೇ ಪೆಟ್ರೋಲ್ ಕಾರು. ಮೂರು ಸಿಲಿಂಡರ್. ಎರಡು ತಿಂಗಳಿಂದ ಎಂಜಿನ್ ಮಿಸ್ಸಿಂಗ್. ಸಮತಟ್ಟು ರಸ್ತೆಯಲ್ಲಿ ಸಭ್ಯಸ್ಥನಂತೆ ಹೋಗುತ್ತದೆ. ಸ್ವಲ್ಪ ಏರು ಬಂತೋ, ಒಂದು ಸಿಲಿಂಡರ್ ಕೆಲಸ ಬಿಟ್ಟು ಕೂರುತ್ತದೆ, ಇಡೀ ಗಾಡಿ ಗಡಗಡ ನಡುಗುತ್ತದೆ.

ಹಳೇ ಕಾರು, ನಡುಗಿದರೆ ನಡುಗಲಿ ಅನ್ನಬಹುದಿತ್ತು. ಆದರೆ ವಾರಕ್ಕೆರಡು ದಿನ ನನ್ನ ಹೆಂಡತಿ ಗಿರಿಜಾ ಇದೇ ಕಾರಿನಲ್ಲಿ ಉಡಿಗಾಲದಿಂದ ಚಾಮರಾಜನಗರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಹೇಳಿದ ಹೊತ್ತಿಗೆ ತಲುಪದಿದ್ದರೆ ಆ ಮೆಷಿನ್ ಮುಂದಿನವರ ಪಾಲು. (ತಪ್ಪೇನಿಲ್ಲ, ಅವರೂ ರೋಗಿಗಳೇ.)

ಹಾಗಾದರೆ ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಬಾರದೇ? ಕಷ್ಟ ಇರುವುದೇ ಅಲ್ಲಿ. ನನ್ನ ಮೆಕ್ಯಾನಿಕ್ ಅಂದರೆ ಗಿರಿಜಾಳ ತಮ್ಮ ಮಹದೇವ. ಚಾಮರಾಜನಗರದಲ್ಲಿ ಅವನದೊಂದು ಸಣ್ಣ ಗ್ಯಾರೇಜು. ಅಕ್ಕನಿಗೆ ತನ್ನ ಕಿಡ್ನಿ ಕೊಡುತ್ತೇನೆಂದು ಮೊದಲು ಎದ್ದು ನಿಂತವನು ಅವನು. ಶುಗರ್ ಇದೆ, ಆಗುವುದಿಲ್ಲ ಅಂದರು ಡಾಕ್ಟರು. ಆವತ್ತಿನಿಂದ ನಮ್ಮ ಕಾರೇ ಅವನ ಸೇವೆ. "ನನ್ ಕೈಲಿ ಆಗೋದು ಇದೊಂದೇಯ ಭಾವ" ಅನ್ನುತ್ತಾನೆ. ಇಂಥವನಿಗೆ "ನಿನ್ನ ಕೈಲಿ ಆಗುತ್ತಿಲ್ಲ, ಬೇರೆಯವರಿಗೆ ತೋರಿಸುತ್ತೇನೆ" ಅಂತ ಯಾವ ಬಾಯಲ್ಲಿ ಹೇಳಲಿ?

ಎರಡು ತಿಂಗಳ ಹಿಂದೆ ಸರ್ವೀಸಿನಲ್ಲಿ ಹೊಸ ಪ್ಲಗ್ ಹಾಕಿದವನೂ ಅವನೇ. ನಡುಕ ಶುರುವಾದ ಮೇಲೆ ಫಿಲ್ಟರ್ ಬದಲಾಯಿಸಿದ. ಇಂಜೆಕ್ಟರ್ ತೊಳೆದ. ಪೆಟ್ರೋಲ್ ಟ್ಯಾಂಕ್ ಇಳಿಸಿ ಏರಿಸಿದ. ನಡುಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಕಳ್ಳನ ಹಾಗೆ ಗುಂಡ್ಲುಪೇಟೆಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಬಶೀರ್, ಕೇರಳದಿಂದ ಬಂದು ನೆಲೆಸಿದವರು. ಹೊಸದೋ ಹಳೆಯದೋ ಕೇಳಲೇ ಇಲ್ಲ, ಮೂರೂ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು. ಮೂರನೆಯದರ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು. "ಹಾಕುವಾಗ ಏಟು ಬಿದ್ದದೆ ಸಾರ್. ಲೋಡ್ ಬಂದ್ರೆ ಕರೆಂಟ್ ಇಲ್ಲಿಂದ ಓಡಿ ಹೋಗ್ತದೆ." ಬೇರೆ ಪ್ಲಗ್ ಹಾಕಿದರು. ಏರಿನಲ್ಲಿ ಓಡಿಸಿ ನೋಡಿದೆವು. ಬೆಣ್ಣೆ!

ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಮಹದೇವ ವಾರ ವಾರ ಬಾನೆಟ್ ಎತ್ತುವವನು. ಬೇರೆ ಕಂಪನಿಯ ಪ್ಲಗ್ ಕಂಡರೆ? ಅಕ್ಕನ ಕಾರು ಕೆಡಿಸಿದ್ದು ತಾನೇ ಎಂದು ಗೊತ್ತಾದರೆ? ಅದಕ್ಕೇ ಬಿರುಕು ಬಿಟ್ಟ ಪ್ಲಗ್ಗನ್ನೇ ವಾಪಸ್ ಹಾಕಿಸಿದೆ. ಉಪಾಯವಾಗಿ ಅವನ ಕೈಯಿಂದಲೇ ಕಂಡುಹಿಡಿಸಿದರಾಯಿತು ಅಂದುಕೊಂಡೆ.

"ಎಂದಾ ಸಾರ್, ಏನಿದು? ಮನೆಯಲ್ಲಿ ಪೇಷೆಂಟ್ ಇದ್ದಾರೆ ಅಂತೀರಿ!" ಎಂದರು ಬಶೀರ್. ಬೇಡ ಬೇಡ ಅನ್ನುತ್ತಲೇ ಹಾಕಿದರು. ಒಳ್ಳೆಯ ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟರು. ದಾಕ್ಷಿಣ್ಯಕ್ಕೆ ಬಸುರಾದವರ ಕತೆ ಕೇಳಿದ್ದೀರಲ್ಲ? ನನ್ನದು ಅದಕ್ಕಿಂತ ಕಡೆ.

ಗುರುವಾರ ಮಹದೇವ ಬಂದ. "ಪ್ಲಗ್ ಒಂದ್ಸಲ ನೋಡ್ತೀಯೇನಪ್ಪ?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ. ಒಂದನೆಯದನ್ನು ಬಿಚ್ಚಿದ, ಒರೆಸಿದ, ಹಾಕಿದ. "ನಾನೇ ಆಕಿದ್ದು ಕಣ್ ಭಾವ, ಒಸಾವು. ಅದ್ರಲ್ ಏನ್ ಬಂದದು? ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಓಗ್ಯದೆ, ಬದ್ಲಾಯ್ಸ್‌ಬುಡನ" ಎಂದು ಕಾಯಿಲ್ ಬದಲಾಯಿಸಿ ಹೋದ. ಇನ್ನೆರಡು ಬಿಚ್ಚು ಎನ್ನುವ ಬದಲು ನಾನು ಕಾಫಿ ಕೊಟ್ಟು ಕಳಿಸಿದ್ದೆ.

ಶುಕ್ರವಾರ ಬೆಳಿಗ್ಗೆ ಗಿರಿಜಾಳನ್ನು ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯ ಏರಿನಲ್ಲಿ ಕಾರು ನಡುಗಿ ನಡುಗಿ ನಿಂತೇಬಿಟ್ಟಿತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಇಳಿಯಿತು. ಒಳ್ಳೆಯ ಪ್ಲಗ್ ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಬಿಚ್ಚಲು ಸ್ಪ್ಯಾನರ್ ಇಲ್ಲ. ಆಟೋ ಸಿಕ್ಕಿ ಆಸ್ಪತ್ರೆ ತಲುಪುವಾಗ ಒಂದೂವರೆ ಗಂಟೆ ತಡ. ಮೆಷಿನ್ ಇನ್ನೊಬ್ಬರಿಗೆ ಹೋಗಿತ್ತು. ನಾಳೆ ಬನ್ನಿ ಅಂದರು.

ಆ ಒಂದು ದಿನವನ್ನು ಹೇಗೆ ಬರೆಯಲಿ? ಅವಳ ಕಾಲು ಊದಿತು, ಮುಖ ಊದಿತು. ಮಲಗಿದರೆ ಉಸಿರು ಸಿಗದು. ದಿಂಬು ಒರಗಿ ಕೂತೇ ಇದ್ದಳು. ನಾನು ಕಾಲು ಒತ್ತುತ್ತಾ ಕೂತೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಶನಿವಾರ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಅವಳು ಮೆಷಿನ್ ಮೇಲಿದ್ದಳು, ನಾನೂ ಮಹದೇವನೂ ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ಅವನು ತಲೆ ತಗ್ಗಿಸಿಕೊಂಡೇ ಮಾತಾಡಿದ. "ಭಾವ, ಗುಂಡ್ಲುಪೇಟೇಲಿ ಬಶೀರ್ ಅಂತ ಒಬ್ರು ಅವ್ರೆ, ಅವ್ರಿಗೆ ತೋರ್ಸನ. ಈ ಮಿಸ್ಸಿಂಗ್ ನಂಗೆ ಸಿಕ್ತಿಲ್ಲ ಅಂತ ತಿಂಗ್ಳ್ ಇಂದೇನೇ ಗೊತ್ತಾಗಿತ್ತು. ನಿಮ್ಗೇಳನ ಅಂದ್ರೆ, ಅಕ್ಕನ್ ಕಾರ್ನ ಕೈ ತೊಳ್ಕಬುಟ್ಟ ಅಂತ ನೀವ್ ನೊಂದ್ಕತೀರೇನೋ ಅಂತ ಸುಮ್ಕಿದ್ದೆ."

ನಾವಿಬ್ಬರು ಗಂಡಸರು ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ, ಉಸಿರು ಕಟ್ಟಬೇಕಾದವಳು ಗಿರಿಜಾಳೇ ಆಗಬೇಕಿತ್ತೇ?