ಸೈನ್ಸ್ ಮೇಷ್ಟ್ರು ಎಳೆದ ನಾರುಹುಳು

ಮೊಮ್ಮಗಳ ಟಿ.ಸಿ. ತರಲು ಹೋದ ತಿಂಗಳು ನಮ್ಮೂರ ಹೈಸ್ಕೂಲಿಗೆ ಹೋಗಿದ್ದೆ. ಹಳೆ ಕಟ್ಟಡ ಕೆಡವುತ್ತಾರಂತೆ, ಸೈನ್ಸ್ ರೂಮಿನ ಸಾಮಾನೆಲ್ಲ ತಂದು ಜಗಲಿಯ ಮೇಲೆ ಇಟ್ಟಿದ್ದರು. ಫಾರ್ಮಲಿನ್ ವಾಸನೆ ಮೂಗಿಗೆ ಬಡಿಯಿತು. ಧೂಳು ಹಿಡಿದ ಬಾಟ್ಲಿಗಳ ನಡುವೆ ಒಂದರಲ್ಲಿ ಬಿಳಿ ದಾರದಂಥದ್ದು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಎಲಾ ಇವರ, ಇನ್ನೂ ಇಟ್ಟಿದ್ದಾರಲ್ಲ ಇದನ್ನ!

ಎಪ್ಪತ್ತರ ದಶಕದ ಮಾತು. ಜಗಳೂರಿನ ಕಡೆ ಆಗ ಬೋರ್‌ವೆಲ್ ಅಪರೂಪ. ನಮ್ಮೂರಿಗೆಲ್ಲ ಒಂದೇ ಮೆಟ್ಟಿಲು ಬಾವಿ. ಮೆಟ್ಟಿಲಿಳಿದು, ನೀರಲ್ಲಿ ನಿಂತು, ಕೊಡ ಮುಳುಗಿಸಿ ತರುತ್ತಿದ್ದೆವು. ವರ್ಷಾ ವರ್ಷಾ ಯಾರದಾದರೂ ಕಾಲಲ್ಲಿ ನಾರುಹುಳು ಏಳುತ್ತಿತ್ತು. ಮೊದಲು ಬೊಬ್ಬೆ, ಅದು ಒಡೆದರೆ ನೂಲಿನೆಳೆಯಂತೆ ಹುಳದ ತುದಿ. ಅದನ್ನು ಬೆಂಕಿಕಡ್ಡಿಗೆ ಸಿಕ್ಕಿಸಿ ದಿನಕ್ಕಿಷ್ಟು ಅಂತ ಸುತ್ತಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲೆಲ್ಲ ಕೀವು. ಇದು ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ಸೈನ್ಸ್ ಮೇಷ್ಟ್ರು ಹೊನ್ನಾಳಿ ಕಡೆಯವರು, ಹೊಳೆ ನೀರು ಕುಡಿದು ಬೆಳೆದವರು. ನಮ್ಮನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಮೇಷ್ಟ್ರನ್ನು ಏಕವಚನದಲ್ಲಿ ಆಡಬಾರದಂತೆ, ಅದಕ್ಕೇ ಮರ್ಯಾದೆ ಕೊಟ್ಟೇ ಬೈಯುತ್ತೇನೆ. ಪಾಠ ಚೆನ್ನಾಗಿ ಮಾಡುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಬಾವಿ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಬಿಸಿಲಿಗೆ ಹಿಡಿದು, ಚುಕ್ಕಿಯಷ್ಟು ಜೀವಗಳು ಜಿಗಿಯುವುದನ್ನು ಭೂತಗನ್ನಡಿಯಲ್ಲಿ ತೋರಿಸಿದ್ದರು. ಹುಳದ ಮರಿಗಳನ್ನು ಇವು ನುಂಗುತ್ತವೆ, ನೀರಿನ ಜೊತೆ ಇವನ್ನು ನೀವು ನುಂಗುತ್ತೀರಿ, ವರ್ಷ ಕಳೆದ ಮೇಲೆ ನಿಮ್ಮ ಕಾಲಲ್ಲಿ ಹುಳ ಏಳುತ್ತದೆ ಅಂತ ವಿವರಿಸಿದರು.

"ನೀವು ಕುಡಿಯೋದು ನೀರಲ್ಲ, ಬರೋ ವರ್ಷದ ಹುಣ್ಣು. ದನಗಳಿಗಾದ್ರೂ ಬುದ್ಧಿ ಇರ್ತದೆ," ಅಂದರು. 

ಆ ವರ್ಷ ನಮ್ಮಕ್ಕನ ಕಾಲ್ಗಿಣ್ಣಿನ ಹತ್ತಿರ ಹುಳ ಎದ್ದಿತು. ಅವಳು ಹತ್ತನೆಯ ಕ್ಲಾಸು, ನಾನು ಎಂಟು. ಎಸ್ಸೆಸ್ಸೆಲ್ಸಿ ಪಾಸಾದರೆ ನರ್ಸ್ ಟ್ರೈನಿಂಗಿಗೆ ಕಳಿಸಲು ಅಪ್ಪ ಒಪ್ಪಿದ್ದ. ಅಪ್ಪನನ್ನು ಒಪ್ಪಿಸಲು ಅವಳು ಎಷ್ಟು ಅತ್ತಿದ್ದಳೋ... ಪರೀಕ್ಷೆ ಹತ್ತಿರ ಬಂದಿತ್ತು. ಅವ್ವ ದಿನಾ ಬೆಳಿಗ್ಗೆ ಬೇವಿನೆಣ್ಣೆ ಸವರಿ, ಹುಳವನ್ನು ಒಂದಿಷ್ಟು ಸುತ್ತಿ, ಕಡ್ಡಿಯ ಮೇಲೆ ಬಟ್ಟೆ ಕಟ್ಟಿ ಸ್ಕೂಲಿಗೆ ಕಳಿಸುತ್ತಿದ್ದಳು. ಅರ್ಧದಷ್ಟು ಹೊರಗೆ ಬಂದಿತ್ತು.

ಅಷ್ಟರಲ್ಲಿ ಜಗಳೂರಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತು. ಮೇಷ್ಟ್ರಿಗೆ ಬಾಟ್ಲಿಯಲ್ಲಿಡಲು ಒಂದು ಹುಳ ಬೇಕಿತ್ತು. ಹಿಂದಿನ ದಿನ ಎಲ್ಲ ಕ್ಲಾಸಿನವರನ್ನೂ ಸ್ಕೂಲಿನ ದೊಡ್ಡ ಹಾಲಿಗೆ ಕರೆದು, ಅಕ್ಕನನ್ನು ಮೇಜಿನ ಮೇಲೆ ಕೂರಿಸಿ, ಲಂಗ ಮೊಣಕಾಲಿನವರೆಗೆ ಎತ್ತಿಸಿದರು. ಮೈನೆರೆದ ಹುಡುಗಿ, ಅಷ್ಟು ಗಂಡುಹುಡುಗರ ಎದುರಿಗೆ... ಕಾಲಿನ ಮೇಲೆ ನೀರು ಸುರಿದರು. ಹುಳದಿಂದ ಹಾಲಿನಂಥದ್ದು ಒಸರಿತು.

"ನೋಡ್ರೋ, ಇವೆಲ್ಲ ಮರಿಗಳು. ಇವಳು ಬಾವಿಗಿಳಿದ್ರೆ ಊರಿಗೆಲ್ಲ ಹಂಚ್ತಾಳೆ," ಅಂದು, ಕಡ್ಡಿಗೆ ಕೈ ಹಾಕಿದರು.

ಅಕ್ಕ ಅವರ ಕೈ ಹಿಡಿದುಕೊಂಡಳು. "ಎಳೀಬ್ಯಾಡ್ರಿ ಸಾರ್, ಹರಿದು ಹೋಗ್ತೈತೆ. ನಮ್ಮವ್ವ ಹಿಂಗೇ ದಿನಾ ಸುತ್ತಿ ತೆಗೀತಾಳೆ. ಪೂರ್ತಿ ಬಂದ್ಮ್ಯಾಲೆ ನಿಮಗೇ ತಂದ್ಕೊಡ್ತೀನ್ರಿ."

"ನಾಳೆ ಪ್ರದರ್ಶನ ಮುಗಿದ್ಮೇಲೆ ನೀನು ತಂದ್ರೆ ಯಾರಿಗೆ ತೋರಿಸ್ಲಿ? ಬಾಯ್ಮುಚ್ಕೊಂಡು ಕೂತ್ಕೋ."

ಎಳೆದರು. ಅಕ್ಕ ಕಿರುಚಿದ್ದು... ಅದು ಬೇಡ ಬಿಡಿ. ಹುಳ ಹರಿಯಿತು. ಕೈಗೆ ಬಂದ ಅರ್ಧವನ್ನು ಮೇಷ್ಟ್ರು ಬಾಟ್ಲಿಗೆ ಹಾಕಿ, ಬಿರಡೆ ಬಿಗಿದು, ಬೆಳಕಿಗೆ ಹಿಡಿದು ನೋಡಿದರು. ಅಕ್ಕನ ಕಾಲಿನ ಕಡೆ ನೋಡಲಿಲ್ಲ.

ಜಗಳೂರಿನಲ್ಲಿ ಅವರಿಗೆ ಮೊದಲ ಬಹುಮಾನ ಬಂತು, ಸ್ಕೂಲಿನಲ್ಲಿ ಹಾರ ಹಾಕಿದರು. ಅಕ್ಕನ ಕಾಲು ಬಾತು ಕುಂಬಳಕಾಯಿ ಆಯಿತು. ಪರೀಕ್ಷೆಯ ಹೊತ್ತಿಗೆ ಅವಳು ಆಸ್ಪತ್ರೆಯ ಮಂಚದ ಮೇಲೆ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಅಪ್ಪ ಮೇಷ್ಟ್ರನ್ನು ಕೇಳಲು ಹೋದರೆ, "ಮುಂದಿನ ವರ್ಷ ಪರೀಕ್ಷೆ ಕಟ್ಟಿಸ್ರಿ, ಅದಕ್ಯಾಕೆ ಇಷ್ಟು ರಾದ್ಧಾಂತ?" ಅಂದರಂತೆ. ಮುಂದಿನ ವರ್ಷದ ಹೊತ್ತಿಗೆ ಗಿಣ್ಣು ಸೆಟೆದುಕೊಂಡು ಅಕ್ಕ ಕುಂಟುತ್ತಿದ್ದಳು. ನರ್ಸ್ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಹೊಲಿಗೆ ಕಲಿತಳು. ಕಾಲಲ್ಲಿ ತುಳಿಯುವ ಮೆಷಿನ್ ಆಗದೆ ಕೈ ಮೆಷಿನ್ ತಿರುಗಿಸಿದಳು. ಮೇಷ್ಟ್ರ ಪಾಠದಿಂದ ಜನ ನೀರು ಸೋಸಿ ಕುಡಿಯಲು ಕಲಿತಿದ್ದರಲ್ಲ, ಊರಿನ ಕೊಡಗಳಿಗೆಲ್ಲ ಸೋಸುವ ಬಟ್ಟೆ ಹೊಲಿದುಕೊಟ್ಟವಳು ಅವಳೇ. ಕೆಲವು ವರ್ಷಗಳಲ್ಲಿ ಹುಳ ಊರು ಬಿಟ್ಟಿತು. ಪುಣ್ಯಾತ್ಮ, ಊರು ಉಳಿಸಿದರು ಅಂತ ಜನ ಈಗಲೂ ಮೇಷ್ಟ್ರನ್ನು ಹೊಗಳುತ್ತಾರೆ. ಹೊಗಳಲಿ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗೆ ಅದು ಸಾಧ್ಯವಾಗಿಲ್ಲ.

ಬಾಟ್ಲಿ ಕೈಗೆತ್ತಿಕೊಂಡೆ. ಮೇಲಿನ ಚೀಟಿಯಲ್ಲಿ ಮೇಷ್ಟ್ರ ಹೆಸರು ಇನ್ನೂ ಕಾಣುತ್ತಿತ್ತು. ಅಕ್ಕನ ಹೆಸರು ಬರೆದೇ ಇರಲಿಲ್ಲ.

"ಇದು ನಮ್ಮಕ್ಕಂದಪ್ಪ, ನನಗೆ ಕೊಡು," ಅಂದೆ ಅಟೆಂಡರಿಗೆ.

"ಆಗಲ್ಲಮ್ಮ, ಹಳೇ ಮೇಷ್ಟ್ರ ನೆನಪಿಗಂತ ಹೊಸಾ ಬೀರುವಿನಾಗೆ ಇಡಾಕೆ ಹೇಳ್ಯಾರೆ," ಅಂದು ನನ್ನ ಕೈಯಿಂದ ಅದನ್ನು ಇಸಿದುಕೊಂಡ.

ಇಟ್ಟುಕೊಳ್ಳಲಿ. ಇನ್ನರ್ಧ ಅವರಿಗೆ ಸಿಗಲಿಲ್ಲ. ಅದು ಅಕ್ಕನ ಕಾಲಿನಲ್ಲೇ ಉಳಿದು, ಹೋದ ವರ್ಷ ಅವಳನ್ನು ಮಣ್ಣು ಮಾಡಿದಾಗ ಅವಳ ಜೊತೆಗೇ ಹೋಯಿತು.