ಮಜ್ಲಿಸ್‌ನ ಗೋಡೆ ಮಾತಾಡಿದ ದಿನ

ಕೊರೊನಾ ಕಳೆದ ಮರುವರ್ಷ ಬಹರೈನ್‌ನ ಸ್ಥಿತಿವಂತರಿಗೆಲ್ಲ ಒಮ್ಮೆಲೇ ತಮ್ಮ ಮನೆ ಹಳತಾಗಿ ಕಂಡಿತು. ಅಷ್ಟು ಕಾಲ ಒಳಗೇ ಕೂತು ನೋಡಿದ ಗೋಡೆಗಳು ಬೇಸರ ತರಿಸಿರಬೇಕು. ಆಗ ನಾನು ಅಲ್ಲಿನ ಒಂದು ಇಂಟೀರಿಯರ್ ಡಿಸೈನ್ ಕಂಪನಿಯಲ್ಲಿ ಮರಗೆಲಸದ ಫೋರ್‌ಮನ್ ಆಗಿದ್ದೆ. ಊರು ಕಾರ್ಕಳದ ಹತ್ತಿರ. ಓದಿದ್ದು ಎಸ್ಸೆಸ್ಸೆಲ್ಸಿ. ಅರವತ್ತು ಹತ್ತಿರವಾಗಿತ್ತು.

ವರ್ಷಕ್ಕೆ ಎರಡು ಮೂರು ವಿಲ್ಲಾ ಮಾಡುತ್ತಿದ್ದ ಕಂಪನಿ ಆ ವರ್ಷ ಒಂದೇ ಸಲಕ್ಕೆ ನಾಲ್ಕು ವಿಲ್ಲಾ, ಒಂದು ರೆಸ್ಟೋರೆಂಟ್ ಹಿಡಿಯಿತು. ಮನಾಮಾದಲ್ಲಿ ಹೊಸ ಶೋರೂಂ ತೆರೆಯಿತು. ಮಾಲೀಕರು ಕೇಕ್ ಕತ್ತರಿಸಿದಾಗ ನನ್ನ ಬಾಯಿಗೂ ಒಂದು ತುಂಡು ಇಟ್ಟರು. ಅದನ್ನು ನುಂಗುವ ಮೊದಲೇ ಜೇಬಿನಲ್ಲಿ ಫೋನ್ ಕುಣಿಯಿತು. ಆ ವರ್ಷವಿಡೀ ಹಾಗೇ. ಒಂದು ಸೈಟ್‌ನಲ್ಲಿ ಅಳತೆ ಹಿಡಿಯುವಾಗ ಮನಸ್ಸು ಇನ್ನೊಂದರಲ್ಲಿರುತ್ತಿತ್ತು. ಊಟ ಪಿಕಪ್‌ನ ಸ್ಟಿಯರಿಂಗ್ ಹಿಂದೆಯೇ ಆಗುತ್ತಿತ್ತು. ಹೊಸದಾಗಿ ಸೇರುತ್ತಿದ್ದ ಡಿಪ್ಲೊಮಾ ಹುಡುಗರು ಟ್ಯಾಬ್‌ನಲ್ಲಿ ಡ್ರಾಯಿಂಗ್ ತೆರೆದು ನನ್ನ ಮುಂದೆ ಹಿಡಿದಾಗಲೆಲ್ಲ ನನ್ನ ದಿನಗಳು ಮುಗಿಯುತ್ತ ಬಂದವೇನೋ ಎಂಬ ಅಳುಕು.

ಆ ಮುಂಗಾಣದ ಓಟದಲ್ಲಿ ನನಗಿದ್ದ ಆಸರೆ ಜಗದೀಶ, ನನ್ನ ತಂಗಿ ಸುಮತಿಯ ಗಂಡ. ಅವನನ್ನು ಊರಿನಿಂದ ಕರೆಸಿದ್ದೇ ನಾನು. ಕಂಪನಿ ಎರಡನೇ ವರ್ಕ್‌ಶಾಪ್ ತೆರೆಯುವುದರಲ್ಲಿತ್ತು. ಕೈಯಲ್ಲಿದ್ದ ಕೆಲಸ ಚೆನ್ನಾಗಿ ಮುಗಿದರೆ ಅಲ್ಲಿಗೆ ಅವನೇ ಫೋರ್‌ಮನ್ ಎಂದು ಮ್ಯಾನೇಜರ್ ಶಾಲಿನಿ ಮೇಡಂ ಹೇಳಿದ್ದರು. ಫೋರ್‌ಮನ್ ಆದರೆ ಫ್ಯಾಮಿಲಿ ವೀಸಾ ಮಾಡಿಸುವಷ್ಟು ಸಂಬಳ. ಸುಮತಿ, ಮಗಳು ಇಬ್ಬರೂ ಬರಬಹುದು. ಮನಾಮಾದ ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿ ಜಗದೀಶ ಒಂದು ಫ್ಲಾಟನ್ನೂ ನೋಡಿಟ್ಟಿದ್ದ. ಅಡುಗೆಮನೆ ಸಣ್ಣದಾಯಿತು ಎಂದು ಸುಮತಿ ಫೋಟೊ ನೋಡಿಯೇ ತಕರಾರು ತೆಗೆದಿದ್ದಳು.

ಕೈಯಲ್ಲಿದ್ದ ಆ ಕೆಲಸವೆಂದರೆ ಉಮ್ಮ್ ಯೂಸುಫ್ ಎಂಬ ಹಿರಿಯ ಹೆಂಗಸಿನ ವಿಲ್ಲಾದ ಮಜ್ಲಿಸ್, ಅಂದರೆ ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆ. ನೆಲದಿಂದ ಸೀಲಿಂಗ್‌ವರೆಗೆ ತೇಗದ ಗಟ್ಟಿ ಹಲಗೆಗಳು, ಒಂದರ ಅಂಚು ಇನ್ನೊಂದರಲ್ಲಿ ಕೊರೆದ ಸೀಳಿನೊಳಗೆ ಕೂರುವಂತೆ. ಮಗಳ ನಿಕಾಹ್‌ಗೆ ಬರುವ ಹೆಂಗಸರೆಲ್ಲ ಅಲ್ಲೇ ಕೂರಬೇಕು.

ಇಲ್ಲಿ ಮರದ ಒಂದು ಗುಣ ಹೇಳಬೇಕು. ನಮ್ಮ ವರ್ಕ್‌ಶಾಪ್ ಇದ್ದದ್ದು ಹಿದ್‌ನಲ್ಲಿ, ಸಮುದ್ರದ ಮಗ್ಗುಲಲ್ಲಿ. ಆಗಸ್ಟ್ ತಿಂಗಳ ಹಬೆಯಂಥ ಗಾಳಿಯ ನೀರನ್ನು ಕುಡಿದು ಅಲ್ಲಿ ಮರ ಉಬ್ಬುತ್ತದೆ. ಎಸಿ ಓಡುವ ಮನೆಗೆ ಬಂದರೆ ಒಣಗಿ ಕುಗ್ಗುತ್ತದೆ. ಹಾಗಾಗಿ ಹಲಗೆಯನ್ನು ಗೋಡೆಗೆ ಹೊಡೆಯುವ ಮೊದಲು ಎಸಿ ಹಾಕಿದ ಕೋಣೆಯಲ್ಲಿ ಒಂದು ವಾರವಾದರೂ ಅದನ್ನು ಬಿಡಿಬಿಡಿಯಾಗಿ ಹರಡಿ ಇಡಬೇಕು. ಇದಕ್ಕೆ ನಾನಿಟ್ಟ ಹೆಸರು 'ಮರವನ್ನು ಮನೆ ತುಂಬಿಸುವುದು'. ಹೊಸ ಸೊಸೆಗೆ ಮನೆ ಒಗ್ಗಬೇಕಲ್ಲ, ಹಾಗೆ. ನನ್ನ ಕೈಕೆಳಗೆ ಪಳಗಿದ ಊರಿನ ಹುಡುಗರೆಲ್ಲ ಇದೇ ಮಾತು ಆಡುತ್ತಿದ್ದರು.

ಆದರೆ ಆ ವಿಲ್ಲಾಕ್ಕೆ ಕಾಯಂ ಕರೆಂಟ್ ಬಂದಿರಲಿಲ್ಲ. ತಾತ್ಕಾಲಿಕ ಲೈನಿನಲ್ಲಿ ಡ್ರಿಲ್ ಓಡುತ್ತಿತ್ತು, ಎಸಿ ಓಡುತ್ತಿರಲಿಲ್ಲ. ನಿಕಾಹ್ ದಿನ ಹತ್ತಿರ ಬರುತ್ತಿತ್ತು.

"ವಾಸಣ್ಣ, ಪ್ಲೀಸ್, ಈ ಹ್ಯಾಂಡೋವರ್ ಮಿಸ್ ಆಗಬಾರದು" ಎಂದರು ಶಾಲಿನಿ ಮೇಡಂ. ಅವರು ಬೆಂಗಳೂರಿನವರು. "ಅವರ ತಮ್ಮನ ವಿಲ್ಲಾನೂ ನಮಗೇ ಬರೋದಿದೆ. ಯೂ ಮ್ಯಾನೇಜ್ ಇಟ್, ಅಷ್ಟೇ."

ಮರ ಒಗ್ಗಿಲ್ಲ, ಆಗುವುದಿಲ್ಲ ಎನ್ನಬೇಕಿತ್ತು. ಆಗುತ್ತದೆ ಎಂದೆ.

ಮೊದಲ ಹಲಗೆ ಎತ್ತುವಾಗ ಜಗದೀಶ ತಡೆದ. "ಭಾವ, ಮರ ಇನ್ನೂ ಮನೆ ತುಂಬಿಸ್ಲಿಲ್ಲ ಅಲ್ವಾ?"

"ಕರೆಂಟೇ ಇಲ್ಲ, ಎಲ್ಲಿಂದ ತುಂಬಿಸುದು ಮಾರಾಯ? ಹೊಡಿ."

"ಎಲ್ಲರಿಗೂ ಕಲಿಸಿದ್ದು ನೀವೇ. ಈಗ ನೀವೇ ಹುಡುಗಿಯನ್ನು ಓಡಿಸಿಕೊಂಡು ಬಂದ ಹಾಗಾಯ್ತಲ್ಲ!"

ಹುಡುಗರು ನಕ್ಕರು. ನನಗೆ ರೇಗಿತು. "ಜವಾಬ್ದಾರಿ ನನ್ನದು. ನೀನು ಹೊಡಿ" ಎಂದೆ. ಅವನು ಡ್ರಿಲ್ ಎತ್ತಿಕೊಂಡ. ಹೊಡೆದ. ಸಂದಿನಲ್ಲಿ ಕೂದಲೂ ತೂರದ ಹಾಗೆ ಹೊಡೆದ. ಪಾಲಿಶ್ ಮುಗಿದ ಮೇಲೆ ಕರೆಂಟೂ ಬಂತು. ಎಸಿ ಹಾಕಿ ಬೀಗದ ಕೈ ಒಪ್ಪಿಸಿದೆವು.

ನಿಕಾಹ್‌ನ ಮರುದಿನ ಬೆಳಿಗ್ಗೆ ಉಮ್ಮ್ ಯೂಸುಫ್ ಅವರೇ ನನಗೆ ಫೋನ್ ಮಾಡಿದರು. ಕೆಲಸದವರ ಜೊತೆ ಮಾತಾಡಿ ಕಲಿತ ಹಿಂದಿಯಲ್ಲಿ, "ವಾಸು! ದೀವಾರ್ ಬಾತ್ ಕರ್ತಾ ಹೈ. ಆಕೆ ಸುನೋ!" ಎಂದರು. ಗೋಡೆ ಮಾತಾಡುತ್ತಿದೆ, ಬಂದು ಕೇಳು.

ಹೋಗಿ ಕೇಳಿದೆ. 'ಟಕ್' ಅಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೂಲೆಯಲ್ಲಿ 'ಟಕ್'. ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಟ್ಟಿದ್ದವು. ಪಾಲಿಶ್ ತಾಗದ ಹಸಿ ಮರ ಪ್ರತಿ ಸಂದಿನಲ್ಲೂ ಬಿಳಿಗೆರೆಯಾಗಿ ಕಾಣುತ್ತಿತ್ತು. "ಬೀಗರು ಕೇಳಿದರು, ಇದೇನು ಡಿಸೈನಾ ಅಂತ. ಹೌದು ಅಂದೆ" ಎಂದು ಆ ತಾಯಿ ಅದೇ ಹಿಂದಿಯಲ್ಲಿ ಹೇಳಿದರು. ನಗಲಿಲ್ಲ.

ನನ್ನ ಹಿಂದೆಯೇ ಬಂದಿದ್ದ ಶಾಲಿನಿ ಮೇಡಂ ತಮ್ಮ ವಿಸಿಟಿಂಗ್ ಕಾರ್ಡನ್ನು ಒಂದು ಸಂದಿನೊಳಗೆ ತೂರಿಸಿ ನೋಡಿದರು. ಅದು ಸಲೀಸಾಗಿ ಒಳಗೆ ಹೋಯಿತು. ಮುಖ ಕೆಂಪಗಾಗಿತ್ತು. "ಇದನ್ನ ಫಿಕ್ಸ್ ಮಾಡಿದ್ದು ಯಾರು?"

ಜಗದೀಶ ಬಾಗಿಲ ಬಳಿ ಏಣಿ ಹಿಡಿದು ನಿಂತಿದ್ದ. ನನ್ನತ್ತ ನೋಡಿದ. ನಾನು ಹೇಳುತ್ತೇನೆ ಎಂಬ ನಂಬಿಕೆಯಿಂದಲೇ ನೋಡಿದ. ಆಗ ನನ್ನ ಕಣ್ಣ ಮುಂದೆ ಬಂದದ್ದು ಡಿಪ್ಲೊಮಾ ಹುಡುಗರ ಟ್ಯಾಬ್, ವರ್ಷ ಮುಗಿದರೆ ರಿನ್ಯೂ ಆಗಬೇಕಿದ್ದ ನನ್ನ ವೀಸಾ.

"ಜಗದೀಶನೇ ಫಿಕ್ಸ್ ಮಾಡಿದ್ದು" ಎಂದೆ.

ಆ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಅದು ನನ್ನನ್ನು ಈವರೆಗೆ ಬಿಟ್ಟಿಲ್ಲ.

ಹಲಗೆಗಳನ್ನು ಕಳಚಿ ಅದೇ ಕೋಣೆಯಲ್ಲಿ ಒಣಗಲು ಬಿಟ್ಟು, ಹೊಸ ಅಂಚು ಕೊಟ್ಟು ಮತ್ತೆ ಕೂರಿಸಿದೆವು. ಕಂಪನಿಯ ಹೆಸರು ಉಳಿಯಿತು. ತಮ್ಮನ ವಿಲ್ಲಾವೂ ಬಂತು. ಎರಡನೇ ವರ್ಕ್‌ಶಾಪಿಗೆ ಬೇರೊಬ್ಬ ಫೋರ್‌ಮನ್ ಬಂದ.

ಅದು ಗೊತ್ತಾದ ದಿನ ಪಿಕಪ್‌ನಲ್ಲಿ ಹಿದ್‌ಗೆ ಮರಳುವಾಗ ಜಗದೀಶ ಹೇಳಿದ್ದು ಇಷ್ಟೇ. "ಸುಮತಿಗೆ ನಾನೇ ಹೇಳ್ತೇನೆ ಭಾವ. ನೀವು ಎಂತದೂ ಹೇಳುದು ಬೇಡ."

"ಎಂತ ಹೇಳ್ತಿ?"

"ನನ್ನ ಕೆಲಸದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಅಂತ. ಅವಳಿಗೆ ಇರುವುದು ಒಬ್ಬರೇ ಅಣ್ಣ ಅಲ್ವಾ."

ಗಾಡಿ ನಿಲ್ಲಿಸಿ ಅವನ ಕಾಲು ಹಿಡಿಯಬೇಕಿತ್ತು. ಫೋನ್ ಬಂತು, ಎತ್ತಿದೆ. ಯಾವುದೋ ಸೈಟ್‌ಗೆ ಪ್ಲೈವುಡ್ ಬೇಕಿತ್ತು.

ಆ ವಾರ ಸುಮತಿ ನನಗೆ ಕರೆ ಮಾಡಿದಳು. "ಅಣ್ಣ, ಇವರಿಗೆ ನೀನೇ ಕೂತು ಸ್ವಲ್ಪ ಸರಿಯಾಗಿ ಕಲಿಸು ಆಯ್ತಾ? ನಿನ್ನ ಹಾಗೆ ಕೈ ಕೂತ್ಕೊಂಡ್ರೆ ನಾವೂ ಬರ್ಬಹುದು" ಎಂದಳು. ಆಯಿತು ಎಂದೆ. ಮರುವರ್ಷ ರಜೆಗೆ ಊರಿಗೆ ಹೋದ ಜಗದೀಶ ಮರಳಲಿಲ್ಲ. ಸುಮತಿ ಇದುವರೆಗೂ ಬಹರೈನ್ ನೋಡಿಲ್ಲ.

ನಿವೃತ್ತಿಯ ವಾರ ಶಾಲಿನಿ ಮೇಡಂ ಬಳಿ ಎಲ್ಲವನ್ನೂ ಹೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿ ಪೂರ್ತಿ ಕೇಳಿಸಿಕೊಂಡರು. "ವಾಸಣ್ಣ, ನಾನೂ ಅವತ್ತು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಫಿಕ್ಸ್ ಮಾಡು ಅಂದಿದ್ದು ಯಾರು ಅಂತ. ಟೈಮ್ ಇರಲಿಲ್ಲ" ಎಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಅದೇ ಮಜ್ಲಿಸ್‌ನ ದೊಡ್ಡ ಫೋಟೊ ಇತ್ತು. ಒಂದೂ ಸಂದು ಕಾಣದ ಹಾಗೆ.

ಈಗ ಊರಿಗೆ ಬಂದಿದ್ದೇನೆ. ಕೂತಲ್ಲಿ ಕೂರಲಾಗುವುದಿಲ್ಲ. ಬಿಸಿಲು ಇಳಿದು ಮನೆಯ ಬಾಗಿಲ ಮರ 'ಟಕ್' ಎಂದರೆ ಎದ್ದು ಹೋಗಿ ನೋಡುತ್ತೇನೆ. ಕೆಲಸ ಬಿಡುವ ಮೊದಲು ಹೊಸ ಫೋರ್‌ಮನ್‌ಗಳಿಗೆ ಒಂದು ಮಾತು ಹೇಳಿ ಬಂದೆ: ಕೆಲಸ ಕೆಟ್ಟಾಗ ಮಾಡಿದ್ದು ಯಾರು ಎಂದು ಕೇಳಿದರೆ, ಮಾಡು ಎಂದವನ ಹೆಸರು ಮೊದಲು ಹೇಳಿ. ಅದು ನಿಮ್ಮದೇ ಆಗಿದ್ದರೆ ಇನ್ನೂ ಬೇಗ ಹೇಳಿ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಸುಮತಿಯ ಕೈಗೆ ಕೊಡುತ್ತೇನೆ. ತಂಗೀ, ನಿನ್ನ ಗಂಡನಿಗೆ ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ. ಆ ಹಲಗೆಗಳನ್ನು ಹೊಡೆ ಎಂದವನು ನಾನು. ಅವನು ಬೇಡವೆಂದಿದ್ದ.