ಮೊಮ್ಮಗನಿಗೆ ಹೊಲಿದ ಕೌದಿ

ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಾಲ್ಕು ಸಾಲು ಬರೆದರೆ ಬೆರಳು ನೋಯುತ್ತದೆ. ಆದರೆ ಮೊನ್ನೆ ಮೊಮ್ಮಗ ತನ್ನ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದ ಮೇಲೆ, ಬರೆಯದೆ ಇರಲು ಆಗುತ್ತಿಲ್ಲ.

ಆಗ ಈ ಮೊಮ್ಮಗನಿಗೇ ಎರಡು ವರ್ಷ. ಮಗಳು ಶಿಕಾರಿಪುರದಲ್ಲಿ ಶಾಲೆ ಟೀಚರು. ಭಾನುವಾರ ಸೊರಬಕ್ಕೆ ಬಂದು ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗುವಳು, ಶನಿವಾರ ಮಧ್ಯಾಹ್ನ ಬಂದು ಕರೆದೊಯ್ಯುವಳು. ಆರು ದಿನ ಅವನು ನನ್ನವನು.

ಒಂದು ಸಲ ನೆಗಡಿಯಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಮಗು ಸುಣ್ಣದ ಹಾಗೆ ಬಿಳಚಿಕೊಂಡಿತು. ಕಣ್ಣು ಹಳದಿ, ಉಚ್ಚೆ ಹಾಲು ಹಾಕದ ಚಹಾದ ಬಣ್ಣ. ಇಲ್ಲಿಯ ಡಾಕ್ಟರು ಕಾಮಾಲೆ ಎಂದರು. ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ನೆಗಡಿ, ಮತ್ತೆ ಅದೇ. ಅಂದಿನಿಂದ ದಿನಾ ಬೆಳಿಗ್ಗೆ ಅವನ ಕಣ್ಣರೆಪ್ಪೆ ಎತ್ತಿ ನೋಡುವುದೇ ನನ್ನ ಕೆಲಸವಾಯಿತು. ಅವನು ಉಚ್ಚೆಗೆ ಕೂತರೆ ನಾನೂ ಬಗ್ಗಿ ನೋಡುತ್ತಿದ್ದೆ. ಅವನು ನಗುತ್ತಿದ್ದ.

ಮಗಳ ಅತ್ತೆ, ನನ್ನ ಬೀಗಿತಿ, ಸುಮ್ಮನಿರುವವರಲ್ಲ. "ನಮ್ಮನ್ಯಾಗೂ ರಜಾದಾಗ ಇವಗ ಎರಡು ಸಲ ನೆಗಡಿ ಆತ್ರೀ. ಕಣ್ಣು ಹಳದಿ ಆಗ್ಲಿಲ್ಲ. ನಿಮ್ಮನ್ಯಾಗೇ ಯಾಕ್ ಆಗ್ತೈತಿ? ಯಾವ ಸೊಪ್ಪು ಅರೆದು ಕುಡಿಸ್ತೀರಿ?"

"ಏನೂ ಕುಡಿಸಿಲ್ಲ ಕಣ್ರೀ," ಎಂದೆ. ನಂಬಲಿಲ್ಲ. ಮಗಳೂ ತಲೆ ತಗ್ಗಿಸಿ ನಿಂತಿದ್ದಳು. ಇನ್ನೊಂದು ಸಲ ಹೀಗಾದರೆ ಮಗುವನ್ನು ಸೊರಬಕ್ಕೆ ಕಳಿಸುವುದಿಲ್ಲ ಎಂದು ಅವರ ಮನೆಯಲ್ಲಿ ಮಾತಾಗಿತ್ತು.

ಮೂರನೆಯ ಸಲ ಮಗು ತಲೆ ಎತ್ತಲಾರದಷ್ಟು ಸೋತುಹೋಯಿತು. ಎಸ್‌ಟಿಡಿ ಬೂತಿನಿಂದ ಮಗಳ ಶಾಲೆಗೆ ಫೋನು ಮಾಡಿಸಿ, ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಆ ಕೌದಿ ಅವನು ಹೊಟ್ಟೆಯಲ್ಲಿದ್ದಾಗ ನನ್ನ ಹಳೆಯ ಸೀರೆಗಳನ್ನು ಸೇರಿಸಿ ನಾನೇ ಹೊಲಿದದ್ದು. ದಿನಾ ಹೊದೆಸಿದರೆ ಹಾಳಾದೀತೆಂದು ಟ್ರಂಕಿನಲ್ಲಿಟ್ಟು, ನೆಗಡಿ, ಚಳಿ ಎಂದಾಗ ಮಾತ್ರ ತೆಗೆಯುತ್ತಿದ್ದೆ.

ಮಗಳೂ ಬೀಗಿತಿಯೂ ಆಸ್ಪತ್ರೆಗೆ ಬಂದರು. ಅಲ್ಲಿಯ ಲೇಡಿ ಡಾಕ್ಟರು ರಕ್ತ ನೋಡಿ ಹೇಳಿದರು: "ಇದು ಮಾಮೂಲಿ ಕಾಮಾಲೆ ಅಲ್ಲ. ಒಳಗೇ ರಕ್ತ ಒಡೀತಾ ಇದೆ. ಏನೋ ಒಂದು ಇವನಿಗೆ ಆಗ್ತಿಲ್ಲ. ಏನ್ ತಿಂದ, ಏನ್ ಕುಡಿದ, ಎಲ್ಲ ಹೇಳಿ ಅಜ್ಜಿ."

ಅನ್ನ, ಹಾಲು, ಬಾಳೆಹಣ್ಣು, ಒಂದೊಂದೇ ಹೇಳಿದೆ. ಬೀಗಿತಿ, "ಸೊಪ್ಪಿನ್ದು ಹೇಳ್ರೀ," ಎಂದರು. ನನಗೆ ಅವರ ಹಳೆಯ ಮಾತು ನೆನಪಾಯಿತು. ಅವರ ಮನೆಯಲ್ಲೂ ನೆಗಡಿಯಾಗಿತ್ತು, ಹಳದಿಯಾಗಲಿಲ್ಲ. ಅಲ್ಲಿಲ್ಲದ್ದು ನನ್ನ ಮನೆಯಲ್ಲಿ ಏನಿದೆ? ಮಗು ಕೌದಿಯೊಳಗೆ ಮುಖ ಹುದುಗಿಸಿ ಮಲಗಿತ್ತು. ಅದರಿಂದ ಟ್ರಂಕಿನ ಘಾಟು ಬರುತ್ತಿತ್ತು.

ಹೇಳಿದರೆ ಮಗು ಇನ್ನು ನನ್ನ ಕೈಗಿಲ್ಲ. ಸೊಪ್ಪಲ್ಲದಿದ್ದರೂ ತಪ್ಪು ನನ್ನದೇ ಆಗುತ್ತದೆ. ಆದರೂ ಕೌದಿ ಬಿಚ್ಚಿ ಡಾಕ್ಟರ ಕೈಗೆ ಕೊಟ್ಟೆ. "ನೆಗಡಿಯಾದಾಗೆಲ್ಲ ಇದನ್ನೇ ಹೊದೆಸ್ತೀನಿ ತಾಯಿ. ನುಸಿ ಹಿಡೀಬಾರ್ದು ಅಂತ ಟ್ರಂಕಿಗೆ ಬಿಳಿ ಗುಳಿಗೆ ಹಾಕಿರ್ತೀನಿ. ಒಂದು ಹಿಡಿ."

ಡಾಕ್ಟರು ಮೂಸಿ ನೋಡಿದವರೇ ಅದನ್ನು ವಾರ್ಡಿನಿಂದ ಹೊರಗೆ ಕಳಿಸಿದರು. "ಕೆಲವು ಮಕ್ಕಳ ರಕ್ತಕ್ಕೆ ಈ ಗುಳಿಗೆ ವಾಸನೆ ವಿಷ. ಹುಟ್ಟಿನಿಂದಲೇ ಹಾಗಿರ್ತಾರೆ. ಯಾರಿಗೆ ಗೊತ್ತಾಗುತ್ತೆ? ನೀವು ಹೇಳಿದ್ದು ಒಳ್ಳೇದಾಯ್ತು."

ಬೀಗಿತಿ ಹೋಗಿ ಮಗುವಿನ ಮಂಚದ ಪಕ್ಕ ಕೂತರು. ಮಗುವಿಗೆ ರಕ್ತ ಏರಿಸಿದರು. ನಾನು ಮಂಚದ ಹತ್ತಿರ ಹೋಗಲೂ ಅಂಜಿ, ಬಾಗಿಲ ಪಕ್ಕ ಕೂತಿದ್ದೆ.

ಐದನೆಯ ದಿನ ಬೆಳಿಗ್ಗೆ ಮಗಳೇ ಅವನನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಕೂತ ಗಳಿಗೆಗೇ ಉಚ್ಚೆ ಹೊಯ್ದ. ನಾನು ಉಟ್ಟದ್ದು ತೆಳು ಬಣ್ಣದ ಸೀರೆ. ಬಗ್ಗಿ ನೋಡಿದೆ: ಬರೀ ಒದ್ದೆ. ಕಲೆ ಇಲ್ಲ, ಬಣ್ಣ ಇಲ್ಲ, ಬಾವಿ ನೀರಿನ ಹಾಗೆ. ಒದ್ದೆ ಸೀರೆ ಹಿಡಿದುಕೊಂಡೇ ನರ್ಸಿಗೆ ತೋರಿಸಿದೆ, ಪಕ್ಕದ ಮಂಚದವರಿಗೆ ತೋರಿಸಿದೆ, ಬೀಗಿತಿಗೂ ತೋರಿಸಿದೆ.

ಬೀಗಿತಿ ಸೆರಗು ಬಾಯಿಗಿಟ್ಟು ನಕ್ಕರು. "ಸಾಕು ಬಿಡ್ರೀ, ಹೋಗಿ ಸೀರೆ ಬದಲಾಯಿಸ್ರಿ. ಊರೆಲ್ಲ ತೋರಿಸ್ತೀರೇನು?"

ಮಗಳು ಮಾತ್ರ ನಗಲಿಲ್ಲ. ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಅವ್ವ, ಆ ಗುಳಿಗೆ ಒಂದೂ ಮನೇಲಿರಬಾರ್ದು. ಟ್ರಂಕು ತೊಳೆದು ಬಿಸಿಲಿಗಿಡು," ಎಂದಳು. "ಮುಂದಿನ ಭಾನುವಾರ ಕರ್ಕೊಂಡು ಬರ್ತೀನಿ."